ಎರಡು ಬಾಗಿಲಿನ ಬಂಗಲೆ

"ಇವನು ಊರವರ ಬಾಗಿಲೆಲ್ಲ ತೆಗೀತಾನೆ. ಇವನ ಬಾಗಿಲನ್ನ ಮಾತ್ರ ಇವತ್ತಿನವರೆಗೂ ಒಂದು ನಾಯಿನೂ ಬಂದು ತಟ್ಟಿಲ್ಲ."

ಸೋಫಾ ಭಾವ ಈ ಮಾತನ್ನು ಹೇಳಿದ್ದು ತನ್ನ ಹೊಸ ಸೋಫಾ ಅಂಗಡಿ ತೆರೆದ ದಿನ, ಹಣ್ಣಿನ ರಸದ ಲೋಟ ಹಿಡಿದು ನಿಂತಿದ್ದ ನಲವತ್ತು ಜನರ ನಡುವೆ. ನಲವತ್ತೂ ಜನ ನಕ್ಕರು. ಲೋಟ ಪುಕ್ಕಟೆ ಸಿಕ್ಕಿದಾಗ ಜನ ಯಾವ ಮಾತಿಗಾದರೂ ನಗುತ್ತಾರೆ. ಅಂಥವರನ್ನು ಬಯ್ದು ಪ್ರಯೋಜನವಿಲ್ಲ, ಆದರೂ ಬಯ್ಯಬೇಕು.

ಮಾತು ಬಿದ್ದದ್ದು ಕೀಲಿಯಣ್ಣನ ಮೇಲೆ. ಬೀದಿಯ ಮೂಲೆಯಲ್ಲಿ ಒಂದು ಮಂಚದಷ್ಟಗಲದ ಅಂಗಡಿಯಲ್ಲಿ ಕೂತು ಬೀಗ ರಿಪೇರಿ ಮಾಡುವವನು, ಕಳೆದುಹೋದ ಕೀಲಿಗೆ ಇನ್ನೊಂದು ಅರೆದುಕೊಡುವವನು. ಅವನ ಹೆಂಡತಿಯ ಅಣ್ಣನೇ ಈ ಸೋಫಾ ಭಾವ. ಎಲ್ಲಿ ಕೂರುವುದಾದರೂ ಮೊದಲು ಅಂಗೈಯಿಂದ ಎರಡು ಸಲ ಅಮುಕಿ ಸ್ಪ್ರಿಂಗು ನೋಡುವುದು ಭಾವನ ಚಾಳಿ. ಮನುಷ್ಯರನ್ನೂ ಹಾಗೇ ಅಮುಕಿ ನೋಡುತ್ತಿದ್ದ. ಕೀಲಿಯಣ್ಣನಿಗೂ ಒಂದು ಚಾಳಿ ಇತ್ತು. ಯಾವ ಬಾಗಿಲು ದಾಟಿದರೂ ಅದನ್ನು ಮುಚ್ಚಿ, ಮೂರು ಸಲ ಎಳೆದು ನೋಡದೆ ಮುಂದಕ್ಕೆ ಹೆಜ್ಜೆ ಇಡುತ್ತಿರಲಿಲ್ಲ. ಹೊಟ್ಟೆ ಹಿಡಿದುಕೊಂಡು ಆಸ್ಪತ್ರೆಗೆ ಓಡಿದ ದಿನವೂ ಡಾಕ್ಟರ ಕೋಣೆಯ ಬಾಗಿಲನ್ನು ಮೂರು ಸಲ ಎಳೆದು, ಆಮೇಲೆ ನರಳಿದವನು.

ಅವತ್ತು ಸುಮ್ಮನಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹೆಂಡತಿ, ಲೋಟದೊಳಗೆ ಏನೋ ಬಿದ್ದಿದೆ ಎಂಬಂತೆ ತಲೆ ತಗ್ಗಿಸಿದ್ದಳು. ಕೀಲಿಯಣ್ಣನ ಅಮ್ಮ, ಮಾರಾಟಕ್ಕಿಟ್ಟಿದ್ದ ಸೋಫಾದ ಅಂಚಿನಲ್ಲಿ, ಪೂರ್ತಿ ಕೂತರೆ ಯಾರಾದರೂ ಎಬ್ಬಿಸುತ್ತಾರೇನೋ ಎಂಬಂತೆ ಕೂತಿದ್ದಳು. ಕೀಲಿಯಣ್ಣನ ಬಾಯಿ ಅವನ ಅಪ್ಪಣೆ ಕೇಳದೆ ತೆರೆದುಕೊಂಡಿತು.

"ತಟ್ಟೋಕೆ ನಾವು ಮನೇಲಿದ್ರೆ ತಾನೆ ಭಾವ? ಈ ರಜೆಗೆ ಬೆಟ್ಟದ ಮೇಲೆ ಬಂಗಲೆ ಹಿಡಿದಿದೀವಿ. ಹತ್ತು ದಿನ. ಸುತ್ತಮುತ್ತ ಒಂದು ನರಪಿಳ್ಳೆ ಸುಳಿಯಲ್ಲ."

ಹೆಂಡತಿ ತಲೆ ಎತ್ತಿ ನೋಡಿದಳು. ಹನ್ನೊಂದು ವರ್ಷ ಸಂಸಾರ ಮಾಡಿದವನನ್ನು ಈಗಷ್ಟೇ ಯಾರೋ ಪರಿಚಯಿಸಿದಂತಿತ್ತು ಆ ನೋಟ.

"ಬಂಗಲೆ," ಎಂದ ಭಾವ, ಆ ಪದದ ಸ್ಪ್ರಿಂಗು ಅಮುಕಿ ನೋಡುವವನಂತೆ. "ಒಳ್ಳೇದಾಯ್ತು. ಆ ಶನಿವಾರ ನಾನೂ ಬಂದು ನೋಡ್ತೀನಿ. ವಾಪಸ್ ಬಂದು ಇವರಿಗೆಲ್ಲ ಹೇಳ್ತೀನಿ, ಹೇಗಿತ್ತು ಅಂತ."

ನಲವತ್ತು ಜನ ಮತ್ತೊಮ್ಮೆ ನಕ್ಕರು.

ಬಂಗಲೆ ಇರಲಿಲ್ಲ, ಬೆಟ್ಟ ಯಾವ ದಿಕ್ಕಿಗಿದೆ ಎಂಬುದೂ ಕೀಲಿಯಣ್ಣನಿಗೆ ಸರಿಯಾಗಿ ಗೊತ್ತಿರಲಿಲ್ಲ. ಮೂರು ದಿನ ಊಟ ರುಚಿಸದೆ ಒದ್ದಾಡಿದವನಿಗೆ, ನಾಲ್ಕನೆಯ ದಿನ, ಕೀಲಿ ಸುತ್ತಿಕೊಡಲು ಇಟ್ಟಿದ್ದ ಹಳೆಯ ಪೇಪರಿನ ಮೂಲೆಯಲ್ಲಿ ದಾರಿ ಕಂಡಿತು: "ಬೆಟ್ಟದ ಹಳ್ಳಿಯಲ್ಲಿ ಸಾದಾ ಮನೆ ಬಾಡಿಗೆಗಿದೆ. ಸಂಸಾರಸ್ಥರಿಗೆ ಮಾತ್ರ. ಎರಡು ಬಾಗಿಲು, ಒಳ್ಳೆಯ ಗಾಳಿ." ಕೂಡಲೇ ಫೋನು ಮಾಡಿದ. ಎತ್ತಿದವಳು ಮನೆಯೊಡತಿ, ದನಿ ಕೇಳಿದರೆ ಎಂಬತ್ತು ದಾಟಿದ ಅಜ್ಜಿ.

"ಮನೆ ಖಾಲಿ ಇದೆ ಮಗಾ. ನಾನೀಗ ಕೆಳಗೆ ಪೇಟೇಲಿ ಮಗಳ ಜೊತೆ ಇದೀನಿ, ಮಂಡಿನೋವು. ಯಾವಾಗ ಬೇಕಾದ್ರೂ ಹೋಗು. ಬೀಗ ಮಾತ್ರ ಹಾಕಬೇಡ. ಯಾಕೆ ಅಂದ್ರೆ..."

ಯಾಕೆ ಎಂಬುದು ಕೀಲಿಯಣ್ಣನಿಗೆ ಬೇಕಿರಲಿಲ್ಲ. ಬೀಗ ಹಾಕಬೇಡ ಎಂದು ಬೀಗದವನಿಗೇ ಹೇಳುವುದೆಂದರೆ ಮುಖಕ್ಕೆ ಉಗಿದಂತೆ. ಬೇರೆ ಯಾರಾದರೂ ಆಗಿದ್ದರೆ ಪೂರ್ತಿ ಕೇಳಿಸಿಕೊಳ್ಳುತ್ತಿದ್ದರು. ಇವನು "ಆಯ್ತಜ್ಜಿ" ಎಂದು ಫೋನನ್ನು ಮೇಜಿನ ಮೇಲಿಟ್ಟು, ಕೀಲಿ ಅರೆಯುವ ಯಂತ್ರದ ಗುಂಡಿ ಒತ್ತಿದ. ಅಜ್ಜಿ ಎರಡು ನಿಮಿಷ ಕಾರಣ ವಿವರಿಸಿದಳು. ಯಂತ್ರ ಕೇಳಿಸಿಕೊಂಡಿತು.

ಹೊರಡುವಾಗ ಹೆಂಡತಿ ಒಂದು ಕಾನೂನು ಮಾಡಿದಳು. "ರೀ, ರಜೆಗೆ ಹೋಗ್ತಿರೋದು. ಸುತ್ತಿಗೆ, ಅರ, ಸ್ಕ್ರೂಡ್ರೈವರು ಏನೂ ಬರಕೂಡದು." ಕೀಲಿಯಣ್ಣ ತಲೆಯಾಡಿಸಿದ. ಆದರೆ ಅಮ್ಮನ ದಿಂಬಿನ ಹತ್ತಿಯೊಳಗೆ, ತಾನೇ ಕೈಯಾರೆ ಮಾಡಿದ ಏಳು ಲಿವರಿನ ಎರಡು ಬೀಗಗಳನ್ನು ಹುದುಗಿಸಿದ. ದಾರಿಯುದ್ದಕ್ಕೂ ಅಮ್ಮ ಆ ದಿಂಬಿಗೆ ಒರಗಿ, "ಯಾಕೋ ಕತ್ತು ಹಿಡ್ಕೊಂತು ಕಣೋ," ಎನ್ನುತ್ತಲೇ ಬಂದಳು.

ಸೋಮವಾರ ಬಸ್ಸಿಳಿದು ನೋಡಿದರೆ ಊರೆಂಬುದು ಬೆಟ್ಟದ ಮೈಗೆ ಅಂಟಿಸಿದ ಎರಡು ಬೀದಿ. ಒಂದು ಮೇಲೆ, ಒಂದು ಕೆಳಗೆ, ಮಧ್ಯೆ ಕಡಿದಾದ ಬಂಡೆ. ಆ ಬಂಡೆಗೆ ಬೆನ್ನು ಕೊಟ್ಟು ನಿಂತಿತ್ತು ಅಜ್ಜಿಯ ಮನೆ. ಮೇಲಿನ ಬೀದಿಯ ಬಾಗಿಲು ತೆಗೆದರೆ ಮಲಗುವ ಕೋಣೆ. ಕೋಣೆಯ ಮೂಲೆಯಿಂದ ಇಪ್ಪತ್ತೆರಡು ಕಲ್ಲಿನ ಮೆಟ್ಟಿಲು ಇಳಿದರೆ ಅಡುಗೆಮನೆ. ಅಡುಗೆಮನೆಯ ಬಾಗಿಲು ತೆಗೆದರೆ ಕೆಳಗಿನ ಬೀದಿ. ಒಂದೊಂದು ಮೆಟ್ಟಿಲೂ ನಡುವೆ ಸವೆದು ಸೌಟಿನಂತೆ ಹಳ್ಳವಾಗಿತ್ತು. ಹಿಡಿದುಕೊಳ್ಳುವ ಮರದ ಕಂಬಿ ಕನ್ನಡಿಯಂತೆ ಹೊಳೆಯುತ್ತಿತ್ತು. ಒಬ್ಬಳೇ ಅಜ್ಜಿ ಎಷ್ಟು ಸಲ ಹತ್ತಿಳಿದರೆ ಕಲ್ಲು ಹೀಗೆ ಸವೆದೀತು ಎಂದು ಕಣ್ಣಿದ್ದವರು ಯಾರಾದರೂ ಯೋಚಿಸುತ್ತಿದ್ದರು. ಕೀಲಿಯಣ್ಣ ನೋಡಿದ್ದು ಬಾಗಿಲನ್ನು ಮಾತ್ರ. ಚಿಲಕ ಕೂಡ ಇಲ್ಲ, ಒಂದು ಹಗ್ಗದ ಕುಣಿಕೆ. ಬೀದಿಯಲ್ಲಿ ಬಟ್ಟೆಯಿಲ್ಲದೆ ನಿಂತ ಮನುಷ್ಯನನ್ನು ಕಂಡವನಂತೆ ಅವನು ಮುಖ ತಿರುಗಿಸಿದ.

ಮಂಗಳವಾರ ಬೆಳಿಗ್ಗೆ ಮೂವರೂ ಇನ್ನೂ ಹೊದಿಕೆಯಲ್ಲಿರುವಾಗಲೇ ಬಾಗಿಲು ತೆರೆಯಿತು. ತಲೆಯ ಮೇಲೆ ಬಿಸಿ ಬ್ರೆಡ್ಡಿನ ಹಲಗೆ ಹೊತ್ತ ಮನುಷ್ಯನೊಬ್ಬ ಒಳಗೆ ಬಂದ.

"ಏಳ್ಬೇಡಿ, ಏಳ್ಬೇಡಿ. ಮಲಗಿ," ಎಂದವನು ಒಂದು ಬ್ರೆಡ್ಡನ್ನು ಕಿಟಕಿಯ ಮೇಲಿಟ್ಟು ಮೆಟ್ಟಿಲಿಳಿದು ಕೆಳಗಿನ ಬಾಗಿಲಿನಿಂದ ಹೊರಟುಹೋದ.

ಹೆಂಡತಿ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡಿದ್ದಳು. "ಯಾರ್ರೀ ಅದು?"

"ತಿಂಡಿ," ಎಂದ ಕೀಲಿಯಣ್ಣ ಗಂಭೀರವಾಗಿ. "ಬಂಗಲೆ ಅಂದ್ರೆ ಹಾಗೇ. ಹಾಸಿಗೆಗೇ ಬರುತ್ತೆ."

ಆಮೇಲೆ ಅಂಚೆಯವನು ಬಂದ. ಕೀಲಿಯಣ್ಣ ಕೈ ಚಾಚಿದ. ಅಂಚೆಯವನು ಆ ಕೈಯನ್ನು ಹಿಡಿದು ಪ್ರೀತಿಯಿಂದ ಕುಲುಕಿ, ಕಾಗದ ಕೊಡದೆ ಕೆಳಗಿಳಿದ. ಆಮೇಲೆ ಕೆಳಗಿನಿಂದ ಕ್ಷೌರಿಕ ಬಂದ, ಬಾಯಲ್ಲಿ ಬಾಚಣಿಗೆ ಕಚ್ಚಿಕೊಂಡು. ತಲೆಬಾಗಿ ವಂದಿಸಿ ಮೇಲಕ್ಕೆ ಹೋದ. ಹತ್ತು ಗಂಟೆಯ ಹೊತ್ತಿಗೆ ಬಟ್ಟೆ ಹೊಲಿಯುವ ಹೆಂಗಸು ಒಂದು ಆಡನ್ನು ಹಗ್ಗದಲ್ಲಿ ಎಳೆದುಕೊಂಡು ಬಂದಳು. ಆಡು ಕೀಲಿಯಣ್ಣನ ಕಾಲುಚೀಲವನ್ನು ಮೂಸಿ, ಅದು ತನಗೆ ತಕ್ಕದ್ದಲ್ಲ ಎಂದು ತೀರ್ಮಾನಿಸಿ, ಮೆಟ್ಟಿಲಿಳಿಯಿತು.

"ಆಡೂ ಬಂಗಲೆ ವ್ಯವಸ್ಥೇಲಿ ಸೇರಿದ್ಯೇನ್ರೀ?" ಎಂದಳು ಹೆಂಡತಿ.

ಏನಿದು ಎಂದು ಬಂದವರನ್ನೇ ಕೇಳಿದ್ದರೆ ಆಗುತ್ತಿತ್ತು. ಆದರೆ ಕೇಳಿದರೆ, ಇವನು ಬಂಗಲೆಗೆ ಹೊಸಬ ಎಂದು ಊರಿಗೆಲ್ಲ ಗೊತ್ತಾಗುವುದಿಲ್ಲವೇ? ಕೀಲಿಯಣ್ಣ ತನ್ನೊಳಗೇ ಒಂದು ಅರ್ಥ ಕಟ್ಟಿಕೊಂಡ. ಹಳ್ಳಿಯವರು, ಪೇಟೆಯ ಮನುಷ್ಯರನ್ನು ಕಂಡವರಲ್ಲ, ನಮ್ಮನ್ನು ನೋಡಲು ಬರುತ್ತಿದ್ದಾರೆ. ಮುಜುಗರಕ್ಕೆ ಆಡು, ಬ್ರೆಡ್ಡು ಅಂತ ನೆಪ ಹಿಡಿದುಕೊಂಡು ಬರುತ್ತಿದ್ದಾರೆ, ಪಾಪ. ಆ ಮಧ್ಯಾಹ್ನದಿಂದ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೋಣೆಯ ಮಧ್ಯೆ ಕುರ್ಚಿ ಹಾಕಿಕೊಂಡು ಕೂತ. ಬಂದವರಿಗೆಲ್ಲ ಒಂದೊಂದು ಮುಗುಳ್ನಗೆ. ಊರವರು ಕುರ್ಚಿಯನ್ನು ಬಳಸಿಕೊಂಡು ಹೋಗಲು ಸ್ವಲ್ಪ ಕಷ್ಟಪಟ್ಟರು, ಆದರೆ ಯಾರೂ ಏನೂ ಅನ್ನಲಿಲ್ಲ.

ಅಮ್ಮ ಮಾತ್ರ ಯಾವ ಅರ್ಥವನ್ನೂ ಕಟ್ಟಲಿಲ್ಲ. ಏಳನೆಯ ಮೆಟ್ಟಿಲಿನ ಪಕ್ಕ ಒಂದು ಕಿಟಕಿ, ಕಿಟಕಿಗೆ ಅಗಲವಾದ ಕಟ್ಟೆ. ಅಲ್ಲಿ ಕೂತುಬಿಟ್ಟಳು. ಹತ್ತುವವರು ಅಲ್ಲಿ ಉಸಿರು ತೆಗೆದುಕೊಳ್ಳಲು ನಿಲ್ಲುತ್ತಿದ್ದರು, ನಿಂತವರು ಮಾತಾಡುತ್ತಿದ್ದರು. ಗುರುವಾರದ ಹೊತ್ತಿಗೆ ಅಮ್ಮನಿಗೆ, ಬಡಗಿ ಯಾರಿಗಾಗಿ ಬೀರು ಮಾಡುತ್ತಿದ್ದಾನೆ, ಅಂಚೆಯವನ ಹೆಂಡತಿ ಯಾಕೆ ತವರಿನಿಂದ ಬಂದಿಲ್ಲ, ಆಡಿಗೆ ಯಾವ ಕಾಲು ನೋವು, ಎಲ್ಲ ಗೊತ್ತಿತ್ತು. ಊರಿಗೆಲ್ಲ ಅವಳು ದೊಡ್ಡಮ್ಮ. ಮಗನಿಗೆ ಪೇಟೆಯಲ್ಲಿ ಕೀಲಿಯಣ್ಣ ಅನ್ನುತ್ತಾರೆ ಎಂಬುದನ್ನೂ ಅವಳೇ ಹಂಚಿದ್ದಳು.

ಶುಕ್ರವಾರ ಸಂಜೆ ಕೀಲಿಯಣ್ಣನಿಗೆ ಶನಿವಾರದ ನೆನಪಾಯಿತು. ವಿಳಾಸವನ್ನು ಭಾವ ಮೊದಲೇ ಬರೆಸಿಕೊಂಡಿದ್ದ. ಒಂದು ನರಪಿಳ್ಳೆ ಸುಳಿಯಲ್ಲ ಎಂದು ನಲವತ್ತು ಜನರ ಮುಂದೆ ಹೇಳಿದ್ದಾನೆ. ಇಲ್ಲಿ ನರಪಿಳ್ಳೆಗಳ ಮಾತಿರಲಿ, ಆಡುಗಳೂ ಬರುತ್ತಿವೆ. ಭಾವ ಬಂದು ಇದನ್ನು ನೋಡಿದರೆ, ಆ ಕಥೆಯನ್ನು ಒಂದೊಂದು ಸೋಫಾದ ಜೊತೆಗೂ ಉಚಿತವಾಗಿ ಕೊಡುತ್ತಾನೆ. ಹೆಂಡತಿ ಮತ್ತೆ ಲೋಟದೊಳಗೆ ನೋಡಬೇಕಾಗುತ್ತದೆ.

ಅವನು ಅಮ್ಮನ ದಿಂಬನ್ನು ಬಿಚ್ಚಿದ. ಮೆಟ್ಟಿಲೇರಿ ಬರುತ್ತಿದ್ದ ಬಡಗಿಯನ್ನು ತಡೆದು ಸ್ಕ್ರೂಡ್ರೈವರು ಕೇಳಿದ.

"ಯಾಕಣ್ಣಾ? ಏನಾದ್ರೂ ಅಲ್ಲಾಡ್ತಿದ್ಯಾ? ನಾನೇ ಮಾಡಿಕೊಡ್ತೀನಲ್ಲ."

"ಚಿಕ್ಕ ಕೆಲಸ. ನಾನೇ ಮಾಡ್ಕೋತೀನಿ."

"ಒಳ್ಳೆ ಜನ ನೀವು," ಎಂದ ಬಡಗಿ, ಮನಸಾರೆ. "ರಜೆಗೆ ಬಂದೂ ಮನೆ ನೋಡ್ಕೋತೀರಿ."

ಶನಿವಾರ ಬೆಳಿಗ್ಗೆ ಬ್ರೆಡ್ಡಿನವನ ಮೊದಲ ಸುತ್ತು ಮುಗಿಯಿತು. ಕ್ಷೌರಿಕ ಕೆಳಗಿನ ತನ್ನ ಅಂಗಡಿಯಿಂದ ಓಡಿಬಂದು, ಬ್ಲೇಡು ಮರೆತೆ ಎಂದು ಹೇಳುತ್ತ ಮೇಲಿನ ಬೀದಿಯ ತನ್ನ ಮನೆಗೆ ಹೋದ. ಅವನ ಬೆನ್ನಿಗೇ ಕೀಲಿಯಣ್ಣ, ಎರಡೂ ಬಾಗಿಲ ಹಗ್ಗದ ತೂತಿಗೆ ರಾತ್ರಿಯೇ ಕೂರಿಸಿಟ್ಟಿದ್ದ ಬೀಗಗಳನ್ನು ಒಳಗಿನಿಂದ ಜಡಿದು, ಮೂರು ಮೂರು ಸಲ ಎಳೆದು ನೋಡಿದ. ಬೀಗ ಎಂದರೆ ಬೀಗ. ಏಳು ಲಿವರೂ ಒಂದರ ಹಿಂದೊಂದು ಕೂತ ಸದ್ದು ಅವನಿಗೆ ಸಂಗೀತದಂತೆ ಕೇಳಿಸಿತು.

ಮನೆ ಮೌನವಾಯಿತು. ಮೂವರೂ ಅಡುಗೆಮನೆಯ ಮೇಜಿನ ಸುತ್ತ ಬಂಗಲೆಯವರಂತೆ ಕೂತರು. ಚಹಾ ಹೀರಿದ ಸದ್ದು ತಮಗೇ ಕೇಳಿ ಮೂವರೂ ಹೀರುವುದನ್ನು ನಿಲ್ಲಿಸಿದರು.

"ಹೊಲಿಗೆಯವಳು ಯಾಕೋ ಬರ್ಲಿಲ್ಲ," ಎಂದಳು ಅಮ್ಮ.

"ಇವತ್ತು ಯಾರೂ ಬರಲ್ಲಮ್ಮ. ಇದು ಏಕಾಂತ."

"ಏಕಾಂತ ಅಂದ್ರೆ ನಮ್ಮನೆ ಥರಾನೇ ಇರುತ್ತಾ," ಎಂದು ಅಮ್ಮ ಬಸಿಯಲ್ಲಿ ಚಹಾ ಆರಿಸತೊಡಗಿದಳು.

ಒಂದು ಗಂಟೆ ಕಳೆಯಿತು. ಮೇಲಿನ ಬೀದಿಯಲ್ಲಿ ಏನೋ ಗುಜುಗುಜು. ಕೀಲಿಯಣ್ಣ ಮೆಟ್ಟಿಲೇರಿ ಮೇಲಿನ ಬಾಗಿಲ ಕೀಲಿತೂತಿಗೆ ಕಣ್ಣಿಟ್ಟ. ಹೊರಗೆ ಒಂದು ಸಾಲು ನಿಂತಿತ್ತು. ಮೊದಲು ಕ್ಷೌರಿಕ, ಬ್ಲೇಡು ಹಿಡಿದುಕೊಂಡು, ಹಿಂದೆ ಎರಡನೆಯ ಸುತ್ತಿನ ಬ್ರೆಡ್ಡಿನವನು, ಸಾಲಿನವರಿಗೇ ಬ್ರೆಡ್ಡು ಹಂಚುತ್ತ, ಅಂಚೆಯವನು, ಆಳೆತ್ತರದ ಬೀರುವನ್ನು ರಸ್ತೆಯಲ್ಲಿ ನಿಲ್ಲಿಸಿಕೊಂಡು ಬಡಗಿ, ಹೊಲಿಗೆಯವಳು, ಆಡು. ಯಾರೂ ಕೂಗುತ್ತಿರಲಿಲ್ಲ. ಯಾರೂ ತಟ್ಟುತ್ತಿರಲಿಲ್ಲ. ಆ ಬಾಗಿಲನ್ನು ತಟ್ಟುವ ಅಭ್ಯಾಸವೇ ಊರಿಗಿರಲಿಲ್ಲ. ಒಳಗಿನವರು ಏಳಲಿ ಎಂದು ಮರ್ಯಾದೆಯಿಂದ ಕಾಯುತ್ತಿದ್ದರು.

ಅಷ್ಟರಲ್ಲಿ ಕೀಲಿತೂತಿನ ತುಂಬ ಒಂದು ಹೊಟ್ಟೆ ಬಂದು ನಿಂತಿತು. ಆ ಹೊಟ್ಟೆಯನ್ನು ಕೀಲಿಯಣ್ಣ ಎಲ್ಲಿದ್ದರೂ ಗುರುತು ಹಿಡಿಯಬಲ್ಲ.

"ಏನಿದು ಜನ? ಒಳಗೇನು ಹಂಚ್ತಿದಾರೆ?" ಇದು ಭಾವನ ದನಿ.

"ಏನೂ ಹಂಚ್ತಿಲ್ಲ. ಕೀಲಿಯಣ್ಣ ಬಾಗಿಲು ತೆಗೀಲಿ ಅಂತ ಕಾಯ್ತಿದೀವಿ," ಎಂದ ಬ್ರೆಡ್ಡಿನವನು.

"ಇಷ್ಟೂ ಜನ? ಅವನಿಗೋಸ್ಕರ?"

"ಹೂಂ. ದಿನಾ ಬರ್ತೀವಿ."

ಹೊಟ್ಟೆ ಬಾಗಿಲಿಗೆ ಇನ್ನಷ್ಟು ಒತ್ತಿಕೊಂಡಿತು. ಆಮೇಲೆ, "ನಾನು ಅವನ ಭಾವ. ದಾರಿ ಬಿಡಿ."

"ಭಾವ ಆದ್ರೂ ಆಡಿನ ಹಿಂದೆ ನಿಂತ್ಕೊಳ್ಳಿ," ಎಂದಳು ಹೊಲಿಗೆಯವಳು. "ಆಡು ಮೊದ್ಲು ಬಂದಿದ್ದು."

ಹೊಟ್ಟೆ ಕೀಲಿತೂತಿನಿಂದ ಸರಿಯಿತು. ಸೋಫಾ ಭಾವ, ಜೀವನದಲ್ಲಿ ಮೊದಲ ಸಲ, ಆಡಿನ ಹಿಂದೆ ಹೋಗಿ ನಿಂತ. ಇತ್ತ ಕೀಲಿಯಣ್ಣನಿಗೆ ಸ್ವರ್ಗ ಮೂರೇ ಗೇಣು. ಬಾಗಿಲು ಮುಚ್ಚಿದ್ದಷ್ಟು ಹೊತ್ತೂ ತಾನು ದೊಡ್ಡ ಮನುಷ್ಯ. ಸಂಜೆಯವರೆಗೆ ತೆಗೆಯದಿದ್ದರೆ ಭಾವ ಎಷ್ಟು ಮೆತ್ತಗಾಗಬಹುದು ಎಂದು ಲೆಕ್ಕ ಹಾಕುತ್ತಿರುವಾಗಲೇ ಕೆಳಗಿನ ಬಾಗಿಲಾಚೆಯಿಂದ ಒಂದು ಸರಕಾರಿ ಕೆಮ್ಮು ಕೇಳಿಸಿತು.

ಓಡಿಹೋಗಿ ಆ ಕೀಲಿತೂತಿಗೆ ಕಣ್ಣಿಟ್ಟ. ಊರ ಕಚೇರಿಯ ಗುಮಾಸ್ತ ನಿಂತಿದ್ದ. ಕತ್ತಿಗೆ ಟವೆಲ್ಲು. ಮುಖದ ಅರ್ಧ ಭಾಗ ನುಣ್ಣಗೆ. ಇನ್ನರ್ಧದ ಮೇಲೆ ಸೋಪಿನ ನೊರೆ ಒಣಗಿ ಸುಣ್ಣದಂತೆ ಉದುರುತ್ತಿತ್ತು.

"ಸ್ವಾಮಿ," ಎಂದ ಗುಮಾಸ್ತ, ಅರ್ಧ ಮುಖಕ್ಕೆ ಸಾಧ್ಯವಾದಷ್ಟು ಘನತೆಯಿಂದ. "ನನ್ನ ಕ್ಷೌರಿಕ ಮೇಲಿದಾನೆ. ನಾನು ಕೆಳಗಿದೀನಿ. ಮಧ್ಯೆ ನೀವಿದೀರಿ."

"ಇದು ನಾನು ಬಾಡಿಗೆಗೆ ಹಿಡಿದಿರೋ ಮನೆ," ಎಂದ ಕೀಲಿಯಣ್ಣ ಒಳಗಿನಿಂದ.

"ಮನೆ ಅಂತ ಯಾರು ಹೇಳಿದ್ದು? ಇದು ಮೆಟ್ಟಿಲು. ಮೇಲೊಂದು ಚಾವಣಿ ಇದೆ, ಅಷ್ಟೇ. ಮೂವತ್ತೊಂದು ವರ್ಷದ ಹಿಂದೆ ಗುಡ್ಡ ಕುಸಿದು ಊರಿನ ಮೆಟ್ಟಿಲು ಕೊಚ್ಚಿಕೊಂಡು ಹೋಯ್ತು. ಹೊಸದು ಕಟ್ಟೋವರೆಗೆ ಸದ್ಯಕ್ಕೆ ನಮ್ಮನೆ ಒಳಗೇ ಓಡಾಡಿ ಅಂತ ಅಜ್ಜಿ ಎರಡೂ ಬಾಗಿಲು ತೆಗೆದಿಟ್ಟಳು. ನಿಮಗೆ ಹೇಳಿಲ್ವಾ ಅವಳು?"

ಹೇಳಿದ್ದಳು. ಯಂತ್ರಕ್ಕೆ ಹೇಳಿದ್ದಳು.

"ಹೊಸದು ಇನ್ನೂ ಕಟ್ಟಿಲ್ವಾ?"

"ಕಡತ ಓಡಾಡ್ತಿದೆ," ಎಂದ ಗುಮಾಸ್ತ, ಬೇಸರವಿಲ್ಲದೆ. ಮೂವತ್ತೊಂದು ವರ್ಷದಲ್ಲಿ ಆ ಕಡತ ಎಷ್ಟು ಕಚೇರಿ ಸುತ್ತಿತೋ, ಬೆಟ್ಟದ ಮೇಲೆ ಒಂದು ಕಲ್ಲೂ ಅಲ್ಲಾಡಿರಲಿಲ್ಲ. ಕಡತದ ಮೇಲೆ ಸಹಿ ಹಾಕಿದವರಲ್ಲಿ ಒಬ್ಬನಿಗಾದರೂ ಕೆಳಗಿನ ಬೀದಿಯಲ್ಲಿ ಕ್ಷೌರ ಮಾಡಿಸಿಕೊಳ್ಳುವ ಅದೃಷ್ಟ ಬಂದಿದ್ದರೆ ಎಂದೋ ಕೆಲಸ ಆಗಿರುತ್ತಿತ್ತು. "ಬಂಡೆ ಸುತ್ತಿಕೊಂಡು ಹೋದ್ರೆ ಒಂದೂವರೆ ಗಂಟೆ. ಜಾರುತ್ತೆ. ಆಡು ಕಾಲು ಮುರ್ಕೊಂಡಿದ್ದು ಅಲ್ಲೇ. ಸ್ವಲ್ಪ ತೆಗೀರಿ ಸ್ವಾಮಿ, ಮುಖ ಬಿಗೀತಾ ಇದೆ."

ಕೀಲಿಯಣ್ಣ ಎರಡು ಬಾಗಿಲ ನಡುವೆ ಮೆಟ್ಟಿಲ ಮೇಲೆ ನಿಂತುಬಿಟ್ಟ. ಜೇಬಿನಲ್ಲಿ ಕೀಲಿ ಬೆಚ್ಚಗಿತ್ತು. ತೆಗೆದರೆ, ತನ್ನ ಬಂಗಲೆ ಒಂದು ಓಣಿ ಎಂಬುದು ಭಾವನಿಗೆ ಗೊತ್ತಾಗುತ್ತದೆ. ನಾಳೆ ನಲವತ್ತು ಜನರಿಗೆ. ತೆಗೆಯದಿದ್ದರೆ, ಗುಮಾಸ್ತನ ಮುಖ.

"ಇನ್ನೊಂದು ಗಂಟೆ ಕಾದ್ರೆ ಭಾವ ವಾಪಸ್ ಹೋಗ್ಬಹುದು," ಎಂದು ಪಿಸುಗುಟ್ಟಿದ.

ಉತ್ತರ ಕೊಟ್ಟವಳು ಅಮ್ಮ, ಅಷ್ಟರಲ್ಲಿ ಬಂದು ಕೂತಿದ್ದ ಏಳನೆಯ ಮೆಟ್ಟಿಲ ಪಕ್ಕದ ತನ್ನ ಕಟ್ಟೆಯಿಂದ.

"ಹತ್ತು ವರ್ಷದಿಂದ ನಮ್ಮನೆ ಮೂರನೇ ಮಹಡಿ ಕಿಟಕೀಲಿ ಕೂತಿದೀನಿ ಕಣೋ. ನಿನ್ನ ಭಾವ ಹೇಳಿದ್ದು ಸುಳ್ಳೇನಲ್ಲ. ಒಬ್ಬರಂದ್ರೆ ಒಬ್ಬರು ಮೇಲೆ ಬರ್ಲಿಲ್ಲ. ಇಲ್ಲಿ ಬಂದು ಆರು ದಿನ ಆಗಿಲ್ಲ, ಆಡು ಕೂಡ ನನ್ನ ಮಾತಾಡಿಸದೆ ಹೋಗಲ್ಲ." ಸೆರಗು ಸರಿಮಾಡಿಕೊಂಡಳು. "ಆ ಬೀಗ ದಿಂಬಿನೊಳಗೇ ಇರಬೇಕಾಗಿತ್ತು. ಕತ್ತು ನೋವಾದ್ರೂ ಪರವಾಗಿರ್ಲಿಲ್ಲ."

ಆಗ ಮೇಲಿನ ಬಾಗಿಲು ಡಬಡಬ ಸದ್ದು ಮಾಡಿತು. ಒಂದು ಸಲವಲ್ಲ, ಹತ್ತು ಸಲ. ಮೇಲಿನ ಬೀದಿಯ ಸಾಲೆಲ್ಲ ಗಾಬರಿಯಾಗಿ ಹಿಂದೆ ಸರಿದ ಸದ್ದೂ ಕೇಳಿಸಿತು. ಒಂದು ನಾಯಿಯೂ ಬಂದು ತಟ್ಟದ ಕೀಲಿಯಣ್ಣನ ಬಾಗಿಲನ್ನು, ಎರಡೂ ಕೈಯಲ್ಲಿ, ಬೆವರುತ್ತ ತಟ್ಟುತ್ತಿದ್ದವನು ಸೋಫಾ ಭಾವ.

ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳ ಭುಜ ಕುಣಿಯುತ್ತಿತ್ತು. ಕೀಲಿಯಣ್ಣ ಅವಳನ್ನು ನೋಡಿದ, ಅಮ್ಮನನ್ನು ನೋಡಿದ, ಜೇಬಿಗೆ ಕೈ ಹಾಕಿದ.

ಮೊದಲು ಕೆಳಗಿನ ಬಾಗಿಲು ತೆಗೆದ. ಗುಮಾಸ್ತ ನೊರೆ ಉದುರಿಸುತ್ತ ಒಳಗೆ ನುಗ್ಗಿದ. ಆಮೇಲೆ ಮೇಲಿನದು. ಕ್ಷೌರಿಕ ಬ್ಲೇಡು ಎತ್ತಿ ಹಿಡಿದು ಧುಮುಕಿದ. ಇಬ್ಬರೂ ಹನ್ನೊಂದನೆಯ ಮೆಟ್ಟಿಲಲ್ಲಿ ಸಂಧಿಸಿ, ಬೇರೆ ಜಾಗ ಹುಡುಕುವ ತಾಳ್ಮೆಯಿಲ್ಲದೆ ಅಲ್ಲೇ ಗೋಡೆಗೊರಗಿ ಕ್ಷೌರ ಮುಂದುವರಿಸಿದರು. ಬ್ರೆಡ್ಡಿನವನು ಇಳಿದ. ಅಂಚೆಯವನು ಮತ್ತೊಮ್ಮೆ ಕೈ ಕುಲುಕಿದ. ಹೊಲಿಗೆಯವಳು, "ಹುಷಾರಿಲ್ವೇನೋ ಅಂತ ಹೆದರಿಬಿಟ್ಟಿದ್ವಿ ದೊಡ್ಡಮ್ಮಾ," ಎಂದು ಅಮ್ಮನ ಹಣೆ ಮುಟ್ಟಿ ನೋಡಿದಳು. ಆಡು ಅಮ್ಮನ ಮಡಿಲಲ್ಲಿ ಮೂತಿ ಇಟ್ಟಿತು. ಕೊನೆಗೆ ಬೀರುವಿನ ಮುಂದಿನ ತುದಿ ಒಳಗೆ ಬಂತು, ಮೆಟ್ಟಿಲ ಬಾಯಲ್ಲಿ ಸಿಕ್ಕಿಕೊಂಡು ನಿಂತಿತು. ಬೀರುವಿನ ಆಚೆಗೆ, ಗೋಡೆಗೂ ಮರಕ್ಕೂ ಮಧ್ಯೆ, ಒತ್ತಿಹಿಡಿದ ಸೋಫಾದ ದಿಂಬಿನಂತೆ, ಭಾವ.

ಅವನು ಮೇಲಿನ ಬಾಗಿಲು ನೋಡಿದ, ಕೆಳಗಿನ ಬಾಗಿಲು ನೋಡಿದ, ಮಧ್ಯೆ ನಡೆಯುತ್ತಿದ್ದ ಕ್ಷೌರ ನೋಡಿದ. ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಬುದ್ಧಿವಂತ.

"ಇದೇನಯ್ಯಾ ನಿನ್ನ ಬಂಗಲೆ?" ಇಡೀ ಮೆಟ್ಟಿಲಿಗೆ ಕೇಳಿಸುವಂತೆ ಕೂಗಿದ. "ಬಸ್ ಸ್ಟ್ಯಾಂಡೇ ವಾಸಿ ಇದಕ್ಕಿಂತ. ಒಂದು ನರಪಿಳ್ಳೆ ಸುಳಿಯಲ್ಲ ಅಂದಿದ್ದೆ ಅಷ್ಟು ಜನರ ಮುಂದೆ. ಈಗೇನಂತೀಯಾ? ಹೇಳು. ಈಗೇನಂತೀಯಾ?"

ಮೆಟ್ಟಿಲೆಲ್ಲ ನಿಂತಿತು. ಬ್ಲೇಡು ಗುಮಾಸ್ತನ ಗಲ್ಲದ ಮೇಲೆ ನಿಂತಿತು. ಎಲ್ಲರೂ ಕೀಲಿಯಣ್ಣನನ್ನು ನೋಡಿದರು. ಅವನ ಬಳಿ ಉತ್ತರವಿತ್ತು. ಒಂದಲ್ಲ, ಹನ್ನೊಂದು ವರ್ಷದ ಉತ್ತರಗಳು ಏಳು ಲಿವರಿನ ಹಿಂದೆ ಸಾಲಾಗಿ ನಿಂತಿದ್ದವು. ಅವನು ಬಾಯಿ ತೆರೆದ.

"ಕೀಲಿಯಣ್ಣಾ," ಎಂದ ಬಡಗಿ, ಬೀರುವಿನ ಹಿಂದಿನಿಂದ, ಉಸಿರು ಕಟ್ಟಿಕೊಂಡು. "ಆ ತುದಿ ಹಿಡಿ. ಸ್ವಲ್ಪ ಎಡಕ್ಕೆ. ನೀನು ಹಿಡಿದ್ರೆ ಇಳಿದುಬಿಡುತ್ತೆ."

ಕೀಲಿಯಣ್ಣ ತೆರೆದ ಬಾಯಿ ಮುಚ್ಚಿದ. ಬಗ್ಗಿ ತುದಿ ಹಿಡಿದ, ಎಡಕ್ಕೆ ವಾಲಿಸಿದ. ಬೀರು ಮೆತ್ತಗೆ ಮೆಟ್ಟಿಲಿಗಿಳಿಯಿತು. ಕ್ಷೌರಿಕನೂ ಗುಮಾಸ್ತನೂ ಹೊಟ್ಟೆ ಒಳಗೆಳೆದುಕೊಂಡರು. ಏಳನೆಯ ಮೆಟ್ಟಿಲಲ್ಲಿ ಅಮ್ಮ ಕಾಲು ಮಡಚಿ, "ಮೆಲ್ಲಗೆ ಕಣೋ, ಮೂಲೆ ತಗಲುತ್ತೆ," ಎಂದಳು. ಅಡುಗೆಮನೆ ದಾಟಿತು. ಮೇಲಿನಿಂದ ಭಾವ ಇನ್ನೂ ಕೂಗುತ್ತಲೇ ಇದ್ದ, "ಏನಂತೀಯಾ? ಹೇಳಿ ಹೋಗಯ್ಯಾ."

ಕೀಲಿಯಣ್ಣ ಹಿಂದೆ ಹಿಂದಕ್ಕೆ ಹೆಜ್ಜೆ ಇಡುತ್ತ ಬಾಗಿಲು ದಾಟಿದ. ಬೀರುವಿನ ಜೊತೆಗೆ ಕೆಳಗಿನ ಬೀದಿಗಿಳಿದು ನಡೆದುಬಿಟ್ಟ. ಬಾಗಿಲು ಹಾ ಎಂದು ತೆರೆದೇ ಇತ್ತು. ಅದನ್ನು ಅವನು ಎಳೆದು ನೋಡಲಿಲ್ಲ.